ಹಲಸಿನ ಗಿಟಾರಿಗೆ ಚೊಗರು, ಕಬ್ಬಿಣ, ಎಣ್ಣೆ

ಎಲೆಕ್ಟ್ರಿಕ್ ಗಿಟಾರಿನ ಬಾಡಿ ಕೊರೆದು, ಅಂಚು ದುಂಡಗೆ ಮಾಡಿ, ತಂತಿಯ ದನಿ ಹಿಡಿಯುವ ಪಿಕಪ್ಪಿನ ಗುಂಡಿ ತೆಗೆದು ಆಗಿತ್ತು. ಇದು ಅಲ್ಲಿಂದ ಮುಂದಿನ ಕಥೆ. ಮರ ಕೊರೆಯುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಂಗಳೂರಿನ ಸೆಕೆಯಲ್ಲಿ, ಹಲಸಿನ ಮರಕ್ಕೆ, ಪೇಂಟು ಹೊಡೆಯದೆ ಬಣ್ಣ ಕೊಡುವುದು ಹೇಗೆ ಅಂತ ಹೇಳುವವರು ನನಗೆ ಸಿಗಲಿಲ್ಲ. ಹಾಗಾಗಿ ಮಾಡುತ್ತಾ ಹೋದ ಹಾಗೆ ಬರೆದಿಟ್ಟುಕೊಂಡೆ.

ಆಕಾರ ಟೆಲಿಕಾಸ್ಟರಿನದ್ದು. ಫೆಂಡರ್ ಕಂಪನಿ 1950ರ ದಶಕದ ಆರಂಭದಲ್ಲಿ ಹೊರತಂದ ಚಪ್ಪಟೆ ಹಲಗೆ ಗಿಟಾರು, ಒಂದೇ ಕಡೆ ಕೊಂಬು, ದಪ್ಪ ಸುಮಾರು 45 ಮಿ.ಮೀ. ಮೊದಲ ಸಲ ಬಣ್ಣ ಹಾಕುವವರಿಗೆ ಈ ಆಕಾರವೇ ಒಳ್ಳೆಯದು. ಉಬ್ಬು ತಗ್ಗು ಕಡಿಮೆ, ಬಟ್ಟೆ ಸಲೀಸಾಗಿ ಓಡುತ್ತದೆ.

ಮರ ಸಿಕ್ಕಿದ್ದು ಹಳೆ ಹಂಚಿನ ಮನೆ ಕೆಡವಿದ ಸಾಮಾನು ಮಾರುವವರ ಹತ್ತಿರ. ಬಾಗಿಲಿನ ದಾರಂದ. ಮೂರು ತುಂಡು ಅಂಟಿಸಿ ಬೇಕಾದ ಅಗಲ ಮಾಡಿದ್ದೇನೆ. ಹೊರಗಿನಿಂದ ನೋಡಿದರೆ ಕಾಫಿ ಕಂದು, ಒಂದು ಸಲ ಉಳಿ ಆಡಿಸಿದರೆ ಒಳಗೆ ಅರಿಶಿನ ಹಳದಿ. ಹಲಸಿನ ಗುಣವೇ ಅದು. ಅದರಲ್ಲಿ ಮೊರಿನ್ ಎಂಬ ಹಳದಿ ಬಣ್ಣದ ವಸ್ತು ಇದೆ. ಥಾಯ್ಲೆಂಡ್, ಬರ್ಮಾ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದಲೂ ಹಲಸಿನ ಚಕ್ಕೆ ಕುದಿಸಿಯೇ ಬಣ್ಣ ಕಟ್ಟುತ್ತಿದ್ದರು. ಬೆಳಕು ಗಾಳಿ ತಾಗಿದ ಹಾಗೆ ಈ ಹಳದಿ ಕಂದಾಗುತ್ತಾ ಹೋಗುತ್ತದೆ. ತಂಜಾವೂರಿನ ವೀಣೆ, ಮೃದಂಗ, ಮದ್ದಳೆ ಎಲ್ಲ ಹಲಸಿನದ್ದೇ. ಗಿಟಾರಿಗೆ ಇದು ಆಗುತ್ತದಾ ಅಂತ ಕೇಳುವವರಿಗೆ ಇಷ್ಟು ಸಾಕು ಅಂದುಕೊಳ್ಳುತ್ತೇನೆ.

ಈ ಹಳದಿಯಿಂದಾಗಿ ಒಂದು ವಿಷಯ ಮೊದಲೇ ತೀರ್ಮಾನ ಆಯಿತು. ನೀಲಿ ಬಣ್ಣ ಆಗುವುದಿಲ್ಲ. ಹಳದಿ ಮರದ ಮೇಲೆ ಪಾರದರ್ಶಕ ನೀಲಿ ಹಾಕಿದರೆ ಕಾಣುವುದು ಹಸಿರು. ಮೇಲಿಂದ ಎಣ್ಣೆ ಬೇರೆ ಹಳದಿ ಕೊಡುತ್ತದೆ. ಮೇಪಲ್ ಮರದ ಮೇಲೆ ಚೆಂದ ಕಾಣುವ ನೀಲಿ ಗಿಟಾರಿನ ಫೋಟೋ ನೋಡಿ ಹಲಸಿಗೆ ಅದನ್ನೇ ಹಾಕಲು ಹೊರಟರೆ ಮರದ ಜೊತೆ ಜಗಳ ಆಡಿದ ಹಾಗೆ. ಜಗಳ ಬೇಡ, ಮರ ಹೋಗುವ ದಿಕ್ಕಿನಲ್ಲೇ ನಾವೂ ಹೋಗೋಣ ಅಂತ ಕೆಂಪು ಕಂದು ನಡು, ಕಪ್ಪು ಅಂಚು ಅಂತ ಇಟ್ಟುಕೊಂಡೆ. ಗಿಟಾರಿನವರು ಇದಕ್ಕೆ ಸನ್‌ಬರ್ಸ್ಟ್ ಅನ್ನುತ್ತಾರೆ.

ಕಪ್ಪು ಅಂಚಿನ ಉಪಾಯ ಕೊಟ್ಟದ್ದು ದಾರಂದವೇ. ಅದರಲ್ಲಿ ಹಳೆ ಕಬ್ಬಿಣದ ಮೊಳೆಗಳಿದ್ದವು. ಕಿತ್ತು ನೋಡಿದರೆ ಪ್ರತಿ ತೂತಿನ ಸುತ್ತ ನಾಲ್ಕಾಣೆಯಷ್ಟು ಅಗಲ ಕಪ್ಪು. ಮಸಿ ಅಲ್ಲ, ಕೊಳೆತದ್ದೂ ಅಲ್ಲ. ಉಗುರಿನಲ್ಲಿ ಕೆರೆದರೂ ಹೋಗದ, ಮರದ ಒಳಗೇ ಇಳಿದ ಕಪ್ಪು. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಮತ್ತು ಕಬ್ಬಿಣ ಸೇರಿದರೆ ಆಗುವುದು ಹೀಗೆ. ಹಳೇ ಕಾಲದ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ಕ್ರಮದಲ್ಲಿ. ಹಾಗಾದರೆ ಅಂಚಿಗೆ ಅಂಗಡಿಯ ಕಪ್ಪು ಯಾಕೆ, ಅಲ್ವಾ?

ನಡುವಿನ ಕೆಂಪಿಗೆ ಮೊದಲು ಬಂದರಿನ ಕಡೆ ಹೋಗಿ ಬಣ್ಣದ ಅಂಗಡಿಗಳಲ್ಲಿ ವಿಚಾರಿಸಿದೆ. ಇಲ್ಲೊಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಪೇಂಟಂಗಡಿಯಲ್ಲಿ ‘ಸ್ಟೇನರ್’ ಅಂತ ಚಿಕ್ಕ ಟ್ಯೂಬಿನಲ್ಲಿ ಸಿಗುವುದು ಪಿಗ್ಮೆಂಟ್. ಅಂದರೆ ನುಣ್ಣಗೆ ಅರೆದ ಪುಡಿ. ಅದು ಕರಗುವುದಿಲ್ಲ, ಮರದ ರಂಧ್ರದಲ್ಲಿ ಕೂರುತ್ತದೆ, ಜಾಸ್ತಿ ಹಾಕಿದರೆ ಮರವೇ ಕಾಣದ ಹಾಗೆ ಮುಚ್ಚುತ್ತದೆ. ಡೈ ಬೇರೆ. ನೀರಿನಲ್ಲೋ ಸ್ಪಿರಿಟ್ಟಿನಲ್ಲೋ ಪೂರ್ತಿ ಕರಗಿ ನಾರಿನೊಳಗೆ ಇಳಿಯುತ್ತದೆ. ಎಷ್ಟು ಗಾಢ ಮಾಡಿದರೂ ಮರದ ಗೆರೆ ಕಾಣುತ್ತದೆ. ಗಿಟಾರಿಗೆ ಬೇಕಾದ್ದು ಡೈ.

ಸ್ಪಿರಿಟ್ಟಿನ ಡೈ ಬೇಗ ಒಣಗುತ್ತದೆ. ನಮ್ಮ ಸೆಕೆಯಲ್ಲಂತೂ ಬಟ್ಟೆ ಎರಡನೇ ಸಲ ಎಳೆಯುವುದರೊಳಗೆ ಒಣಗಿರುತ್ತದೆ. ಹಾಗಾಗಿ ಒಂದರ ಮೇಲೊಂದು ಬಿದ್ದ ಕಡೆ ಪಟ್ಟೆ ಕಾಣುತ್ತದೆ. ಮೇಲಿಂದ ಅರಗಿನ ಫ್ರೆಂಚ್ ಪಾಲಿಶ್ ಕೊಟ್ಟರೆ ಅದರ ಸ್ಪಿರಿಟ್ಟಿಗೆ ಡೈ ಮತ್ತೆ ಕರಗಿ ಎದ್ದು ಬರುತ್ತದೆ. ನೀರಿನ ಡೈ ನಿಧಾನ, ಸಮ ಮಾಡಲು ಪುರುಸೊತ್ತು ಕೊಡುತ್ತದೆ. ಮೇಲಿಂದ ಎಣ್ಣೆ ಹಾಕಿದರೆ ಏಳುವುದಿಲ್ಲ, ಯಾಕೆಂದರೆ ನೀರಿನಲ್ಲಿ ಕರಗುವುದು ಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಒಂದೇ ಕಿರಿಕಿರಿ ಅಂದರೆ ನೀರು ತಾಗಿದ ಮರದ ನಾರು ಎದ್ದು ನಿಲ್ಲುವುದು. ಅದಕ್ಕೆ ಮದ್ದು ಇದೆ, ಮುಂದೆ ಹೇಳುತ್ತೇನೆ.

ಆದರೆ ಕೊನೆಗೆ ನಾನು ಬಳಸಿದ್ದು ಅಂಗಡಿಯ ಡೈಯನ್ನಲ್ಲ, ಅಡಿಕೆಯ ಚೊಗರನ್ನು. ನಮ್ಮ ಜಿಲ್ಲೆಯಲ್ಲಿ ಚೊಗರು ಸಿಗುವುದಿಲ್ಲ. ಇಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ಘಟ್ಟದ ಮೇಲೆ ಹಸಿ ಅಡಿಕೆ ಸುಲಿದು ಬೇಯಿಸುತ್ತಾರಲ್ಲ, ಆ ನೀರನ್ನೇ ಮತ್ತೆ ಮತ್ತೆ ಕುದಿಸಿ ಬತ್ತಿಸಿದರೆ ಚೊಗರು. ಕೊಪ್ಪದ ಕಡೆಯ ನೆಂಟರು ಒಂದು ಬಾಟಲಿ ಕಳಿಸಿಕೊಟ್ಟರು. ಜೋನಿ ಬೆಲ್ಲದ ಹಾಗೆ ಮಂದ, ಬಣ್ಣ ಕಡು ಕೆಂಪು ಕಂದು, ಬೆರಳಿಗೆ ತಾಗಿದರೆ ಎರಡು ದಿನ ಹೋಗುವುದಿಲ್ಲ. ಮುಖ್ಯ ವಿಷಯ ಏನೆಂದರೆ ಅದು ಟ್ಯಾನಿನ್ನಿನ ಗಣಿ. ಅಂದರೆ ನಡುವಿಗೆ ಕೆಂಪು ಕೊಡುವುದೂ ಅದೇ, ಅಂಚಿನ ಕಪ್ಪಿಗೆ ಬೇಕಾದ ಟ್ಯಾನಿನ್ ಕೊಡುವುದೂ ಅದೇ.

ವೀಳ್ಯ ಹಾಕುವವರಿಗೆ ಇನ್ನೊಂದು ವಿಷಯ ಗೊತ್ತಿದೆ. ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದೆ. ಮರದ ಮೇಲೂ ಹಾಗೇ. ಚೊಗರು ಒಣಗಿದ ಮೇಲೆ ಸುಣ್ಣದ ತಿಳಿನೀರು ಒರೆಸಿದರೆ ಕಂದು ಕೆಂಪಿಗೆ ತಿರುಗುತ್ತದೆ.

ಇದೆಲ್ಲ ಮೊದಲು ಮಾಡಿ ನೋಡಿದ್ದು ಅದೇ ದಾರಂದದ ಉಳಿದ ತುಂಡುಗಳ ಮೇಲೆ. ಬೇರೆ ಮರದ ತುಂಡು ಇದಕ್ಕೆ ಆಗುವುದಿಲ್ಲ. ತುಂಡನ್ನೂ ಬಾಡಿಯಷ್ಟೇ ನುಣುಪಾಗಿ ಉಜ್ಜಬೇಕು, ಕೊನೆಗೆ ಎಣ್ಣೆಯನ್ನೂ ಹಾಕಬೇಕು. ಬರೀ ಡೈ ಹಾಕಿ ಒಣಗಿಸಿದ್ದನ್ನು ನೋಡಿ ತೀರ್ಮಾನ ಮಾಡಿದರೆ ಮೋಸ. ಒಣಗಿದ ಡೈ ಸಪ್ಪೆ, ಧೂಳು ಕೂತ ಹಾಗೆ ಕಾಣುತ್ತದೆ. ಎಣ್ಣೆ ತಾಗಿದ ಕೂಡಲೇ ಎರಡು ಪಟ್ಟು ಗಾಢ.

ಪ್ರತಿ ತುಂಡಿನ ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಟೆರೇಸಿನ ಬಿಸಿಲಿಗೂ ಇಟ್ಟೆ. ಅಂಗಡಿಯ ಕೆಂಪು ಡೈ ಹಾಕಿದ ತುಂಡು ಕೆಲವೇ ವಾರದಲ್ಲಿ ಮಾಸಿತು, ಹಾಳೆ ತೆಗೆದಾಗ ಗೆರೆ ಎಳೆದ ಹಾಗೆ ವ್ಯತ್ಯಾಸ. ಇದು ಹೊಸ ವಿಷಯ ಅಲ್ಲ. ಗಿಬ್ಸನ್ ಕಂಪನಿಯ 1958ರಿಂದ 1960ರವರೆಗಿನ ಲೆಸ್ ಪಾಲ್ ಗಿಟಾರುಗಳ ಕೆಂಪು ಸನ್‌ಬರ್ಸ್ಟ್ ಬೆಳಕಿಗೆ ಮಾಸಿ ಜೇನು ಬಣ್ಣಕ್ಕೆ, ಕೆಲವು ಬರೀ ಹಳದಿಗೆ ತಿರುಗಿದ್ದು ಪ್ರಸಿದ್ಧ. ಈಗ ಜನ ಆ ಮಾಸಿದ ಬಣ್ಣಕ್ಕೇ ಹುಚ್ಚಾಗಿ ದುಡ್ಡು ಕೊಡುತ್ತಾರೆ, ಅದು ಬೇರೆ ಮಾತು. ಚೊಗರಿನ ತುಂಡು ಮಾಸಲಿಲ್ಲ. ಬಿಸಿಲು ತಾಗಿದ ಕಡೆ ಇನ್ನಷ್ಟು ಕಡುವಾಯಿತು. ಕೆಳಗಿನ ಹಲಸೂ ಕಡುವಾಗುತ್ತಿದೆಯಲ್ಲ. ಹಾಗಾಗಿ ಬೇಕಾದ್ದಕ್ಕಿಂತ ಒಂದು ಮಟ್ಟ ತೆಳುವಾಗಿಯೇ ಹಾಕಬೇಕು ಅಂತ ಲೆಕ್ಕ ಹಾಕಿದೆ.

ಇನ್ನು ಉಜ್ಜುವುದು. 120, 180, 220 ಅಂತ ಸ್ಯಾಂಡ್ ಪೇಪರ್ ಬದಲಿಸುತ್ತಾ (ನಂಬರ್ ಹೆಚ್ಚಾದಷ್ಟೂ ನುಣುಪು) ಗೆರೆಯ ಉದ್ದಕ್ಕೇ ಉಜ್ಜಿದೆ. ಗೆರೆಗೆ ಅಡ್ಡ ಬಿದ್ದ ಒಂದು ಗೀರು ಬರೀ ಕಣ್ಣಿಗೆ ಕಾಣದಿದ್ದರೂ ಡೈ ಹಾಕಿದ ಕೂಡಲೇ ಕಪ್ಪಗೆ ಎದ್ದು ಕಾಣುತ್ತದೆ. ರಾತ್ರಿ ಲೈಟು ಆರಿಸಿ ಮೊಬೈಲಿನ ಟಾರ್ಚನ್ನು ಮರಕ್ಕೆ ಮಲಗಿಸಿ ಹಿಡಿದು ನೋಡಿದರೆ ಎಲ್ಲ ಗೀರೂ ಸಿಕ್ಕಿಬೀಳುತ್ತದೆ. ಕೊಂಬಿನ ತುದಿ ಮತ್ತು ಬುಡದಲ್ಲಿ ಮರದ ನಾರಿನ ಕೊನೆ ಹೊರಗೆ ಮುಖ ಮಾಡಿರುತ್ತದೆ. ಅಲ್ಲಿ ಬಣ್ಣ ಎರಡರಷ್ಟು ಹೀರುತ್ತದೆ. ಅಲ್ಲಿ ಮಾತ್ರ 320ರವರೆಗೆ ಉಜ್ಜಿದರೆ ಹೀರುವುದು ಕಡಿಮೆಯಾಗುತ್ತದೆ.

ಆಮೇಲೆ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಇಡೀ ಬಾಡಿ ಒರೆಸಿದೆ. ಅಂಟು ಎಲ್ಲಾದರೂ ಉಳಿದಿದ್ದರೆ ಅಲ್ಲಿ ಮಾತ್ರ ಬಿಳಚಿಕೊಂಡು ಕಾಣುತ್ತದೆ. ಜೋಡಣೆಯ ಹತ್ತಿರ ಬೆರಳಗಲದ ಒಂದು ಕಲೆ ಸಿಕ್ಕಿತು. ಕೀಸಿ ತೆಗೆದೆ. ಅಂಟಿದ್ದ ಕಡೆ ಡೈ ಇಳಿಯುವುದೇ ಇಲ್ಲ, ಆಮೇಲೆ ಎಷ್ಟು ತಿಕ್ಕಿದರೂ ಅಷ್ಟೇ.

ನಾರು ಏಳುವುದಕ್ಕೆ ಮದ್ದು ಅಂದೆನಲ್ಲ, ಅದು ಇದು. ಒದ್ದೆ ಬಟ್ಟೆಯಿಂದ ಬಾಡಿ ಪೂರ್ತಿ ಒರೆಸಿ, ನಾರು ಎದ್ದು ನಿಲ್ಲಲು ಬಿಟ್ಟು, ಪೂರ್ತಿ ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಒಂದು ಸಲ ಸವರುವುದು. ಒತ್ತಿ ಉಜ್ಜಿದರೆ ಹೊಸ ನಾರು ಹೊರಗೆ ಬರುತ್ತದೆ, ಮಾಡಿದ್ದೆಲ್ಲ ದಂಡ. ಎದ್ದದ್ದನ್ನು ಕತ್ತರಿಸುವುದಷ್ಟೇ ಕೆಲಸ. ಇಷ್ಟಾದರೆ ನೀರಿನ ಡೈ ಹಾಕಿದಾಗ ಮರ ಮತ್ತೆ ಒರಟಾಗುವುದಿಲ್ಲ.

ಕುತ್ತಿಗೆ ಕೂರುವ ಗುಂಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಅಲ್ಲಿ ಎಣ್ಣೆ ದಪ್ಪ ಕೂತರೆ ಕುತ್ತಿಗೆ ಬಿಗಿಯಾಗುತ್ತದೆ.

ಕಬ್ಬಿಣದ ನೀರು ಮಾಡುವುದು ಸುಲಭ. ವಿನೆಗರಿನಲ್ಲಿ ಸ್ಟೀಲ್ ವುಲ್ ಹಾಕಿ ಒಂದು ವಾರ ಬಿಡುವುದು. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಆಗುವುದಿಲ್ಲ, ಅದು ತುಕ್ಕು ಹಿಡಿಯದ ಸ್ಟೀಲು. ನಮ್ಮೂರಿನಲ್ಲಿ ತುಕ್ಕು ಹಿಡಿದ ಮೊಳೆಗೇನು ಬರಗಾಲ ಇಲ್ಲ, ಅದನ್ನೇ ಹಾಕಿದರೂ ನಡೆಯುತ್ತದೆ. ಬಾಟಲಿಯ ಮುಚ್ಚಳ ಬಿಗಿ ಮಾಡಬೇಡಿ. ಹೈಡ್ರೋಜನ್ ಗ್ಯಾಸ್ ಬರುತ್ತದೆ, ಬಾಟಲಿ ಒಡೆಯಬಹುದು. ಕೊನೆಗೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಕಬ್ಬಿಣದ ಒಂದು ಕಣ ಉಳಿದು ನಡುವಿಗೆ ಬಿದ್ದರೂ ಅಲ್ಲೊಂದು ಕಪ್ಪು ಚುಕ್ಕೆ ಖಾಯಂ.

ಬಣ್ಣದ ದಿನ. ಚೊಗರು ಒಂದು ಪಾಲು, ಬಿಸಿನೀರು ನಾಲ್ಕು ಪಾಲು, ಸೋಸಿ ಇಟ್ಟುಕೊಂಡೆ. ಹಳೆ ಬನಿಯನ್ ಬಟ್ಟೆಯ ಉಂಡೆಯಿಂದ ಮೊದಲು ಬದಿಗಳಿಗೆ, ಆಮೇಲೆ ಹಿಂಬದಿ, ಕೊನೆಗೆ ಮುಖ. ಒಂದು ಮುಖ ಶುರು ಮಾಡಿದರೆ ಅದು ಪೂರ್ತಿ ಮುಗಿಯುವವರೆಗೆ ನಿಲ್ಲಿಸಬಾರದು, ಫೋನ್ ಬಂದರೂ. ಇಡೀ ಮುಖ ಒದ್ದೆ ಇರುವಾಗಲೇ ಒಣ ಬಟ್ಟೆಯಿಂದ ಉದ್ದಕ್ಕೆ ಒಂದೇ ಸಮ ಎಳೆದರೆ ಪಟ್ಟೆ ಉಳಿಯುವುದಿಲ್ಲ. ಒಣಗಿದ ಮೇಲೆ ಇನ್ನೊಂದು ಕೋಟು. ಫ್ಯಾನು ಆಫ್ ಇರಲಿ.

ಅಂಚಿನ ಕೆಲಸವೇ ನಿಜವಾದ ಮಜಾ. ಕಬ್ಬಿಣದ ನೀರು ತಾಗಿದ ಕೂಡಲೇ ಏನೂ ಆಗುವುದಿಲ್ಲ. ಒದ್ದೆಯಾಯಿತು ಅಷ್ಟೇ ಅನಿಸುತ್ತದೆ. ಹತ್ತು ಹನ್ನೆರಡು ಸೆಕೆಂಡಿಗೆ ಗೆರೆಗಳ ನಡುವಿನಿಂದ ಬೂದು ಏಳುತ್ತದೆ. ಒಂದು ನಿಮಿಷಕ್ಕೆ ಅದು ಪಾಚಿ ಹಸಿರು ಮಿಶ್ರಿತ ಕಪ್ಪು. ಐದು ನಿಮಿಷದ ಮೇಲೂ ಇನ್ನೂ ಕಡುವಾಗುತ್ತಲೇ ಇರುತ್ತದೆ. ಹಾಗಾಗಿ ಕಣ್ಣಿಗೆ ಸಾಕು ಅನಿಸುವವರೆಗೆ ಹಾಕುತ್ತಾ ಹೋಗಬಾರದು. ಸಾಲದು ಅನಿಸುವಾಗಲೇ ಕೈ ತೆಗೆದು ಕಾಯಬೇಕು. ಬದಿಗಳಿಗೆ ನೇರ ಕಬ್ಬಿಣದ ನೀರು. ಮುಖದ ಅಂಚಿಗೆ ಅದನ್ನೇ ಅರ್ಧಕ್ಕರ್ಧ ನೀರು ಸೇರಿಸಿ. ಕಪ್ಪು ಕೆಂಪಿಗೆ ಇಳಿಯುವ ಜಾಗದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ. ಅಲ್ಲಿ ಬಟ್ಟೆ ಹಿಂಡಿ ಹಿಂಡಿ ಬಹುತೇಕ ಒಣ ಮಾಡಿಕೊಂಡು ಸಣ್ಣ ಸಣ್ಣ ಸುತ್ತು ತಿರುಗಿಸುತ್ತಾ ಒಳಗೆ ಬಂದೆ. ಸ್ಪ್ರೇ ಗನ್ ಇಲ್ಲದೆ ಬರ್ಸ್ಟ್ ಮಾಡುವುದು ಹೀಗೇ. ಗೆರೆ ಕಾಣದಂತೆ ಇಳಿಸಲು ಆಗುತ್ತದೆ, ಆದರೆ ಕಾರ್ಖಾನೆಯ ನಯ ಬರುವುದಿಲ್ಲ. ನನಗೆ ಬೇಕಾದ್ದೂ ಇಲ್ಲ.

ಅಂಗಡಿ ಕಪ್ಪಿಗೂ ಇದಕ್ಕೂ ಹತ್ತಿರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇದು ಒಂದೇ ಸಮ ಕಪ್ಪಲ್ಲ. ಟ್ಯಾನಿನ್ ಹೆಚ್ಚಿದ್ದ ಗೆರೆ ಕಡು, ಕಡಿಮೆ ಇದ್ದದ್ದು ಹಸಿರು ಬೂದು.

ಸುಣ್ಣದ ತಿಳಿ ಹಾಕಿದ್ದು ಕೊನೆಗೆ, ಮರುದಿನ, ನಡುವಿಗೆ ಮಾತ್ರ. ಈ ಕ್ರಮ ಮುಖ್ಯ. ಮೊದಲೇ ಸುಣ್ಣ ಹಾಕಿ ಮೇಲೆ ಕಬ್ಬಿಣದ ನೀರು ಹಾಕಿದರೆ ಅದರ ವಿನೆಗರ್ ಸುಣ್ಣವನ್ನು ಕೊಂದು ಕೆಂಪು ಹೋಗಿಬಿಡುತ್ತದೆ. ಪಾತ್ರೆಯಲ್ಲಿ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ತೆಗೆಯಬೇಕು. ಕಲಕಿದ್ದು ಬಂದರೆ ರಂಧ್ರದಲ್ಲೆಲ್ಲ ಬಿಳಿ. ಹಲಸಿನ ಹಳದಿಯೂ ಸುಣ್ಣಕ್ಕೆ ಗಾಢವಾಗುವುದರಿಂದ ನಡು ಕಿತ್ತಳೆ ಬೆರೆತ ಕೆಂಪಾಯಿತು. ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಎಣ್ಣೆಗೆ ಮೊದಲು ಒಂದೆರಡು ದಿನ ಸುಮ್ನೆ ಬಿಟ್ಟೆ. ಒಳಗೆ ನೀರು ಉಳಿದಿದ್ದರೆ ಎಣ್ಣೆ ಮಸುಕಾಗುತ್ತದೆ.

ಈ ಹೊತ್ತಿಗೆ ಮನೆಗೆ ಬಂದ ಎಲ್ಲರೂ ಎಣ್ಣೆಯ ತಜ್ಞರೇ. “ತೆಂಗಿನೆಣ್ಣೆ ಹಾಕಿದ್ರೆ ಆಗುದಿಲ್ವಾ ಮಗಾ, ಮನೆಯಲ್ಲೇ ಉಂಟಲ್ಲ?” ಅಂತ ಚಿಕ್ಕಮ್ಮ. ಆಗುವುದಿಲ್ಲ. ಒಣಗುವ ಎಣ್ಣೆ ಅಂದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಎಣ್ಣೆ. ಅದನ್ನು ಅಯೋಡಿನ್ ಸಂಖ್ಯೆಯಿಂದ ಅಳೆಯುತ್ತಾರೆ, ಸಂಖ್ಯೆ ಹೆಚ್ಚಿದ್ದಷ್ಟೂ ಚೆನ್ನಾಗಿ ಒಣಗುತ್ತದೆ. ಅಗಸೆ ಎಣ್ಣೆಯದ್ದು 170ಕ್ಕೂ ಮೇಲೆ, ತೆಂಗಿನೆಣ್ಣೆಯದ್ದು 10ರ ಆಸುಪಾಸು. ತೆಂಗಿನೆಣ್ಣೆ ಎಷ್ಟು ವರ್ಷ ಇಟ್ಟರೂ ಒಣಗುವುದಿಲ್ಲ, ಜಿಡ್ಡಾಗಿ ಕಮಟು ವಾಸನೆ ಬರುತ್ತದೆ.

ಉಳಿ ಸಾಣೆ ಹಿಡಿಸಲು ಹೋದಾಗ ಆಚಾರಿಯವರು ಹೇಳಿದ್ದು ಬೇರೆ. “ಗೇರು ಎಣ್ಣೆ ಕೊಡಿ ಮಾರ್ರೆ, ದೋಣಿಗೇ ಹಾಕ್ತಾರೆ, ಗೆದ್ದಲು ಹತ್ತಿರ ಬರುದಿಲ್ಲ.” ಗೇರುಬೀಜದ ಸಿಪ್ಪೆಯ ಎಣ್ಣೆ ಮರ ಕಾಯುವುದರಲ್ಲಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸಿ ಎಣ್ಣೆ ಚರ್ಮ ಸುಡುತ್ತದೆ. ಗೇರು ಕಾರ್ಖಾನೆಯಲ್ಲಿ ಸಿಪ್ಪೆ ಬಿಡಿಸುವವರ ಕೈ ನೋಡಿದವರಿಗೆ ಹೇಳಬೇಕಾಗಿಲ್ಲ. ಎದೆಗೆ ಒತ್ತಿ ಹಿಡಿದು ನುಡಿಸುವ ಸಾಮಾನಿಗೆ ಅದು ಬೇಡ. ಮೇಲಾಗಿ ಅದು ಕಪ್ಪು. ನಾನು ಮಾಡಿದ ಕೆಂಪೆಲ್ಲ ಮುಳುಗಿಹೋಗುತ್ತಿತ್ತು.

ಬರೀ ಅಗಸೆ ಎಣ್ಣೆಯೂ ನಮ್ಮೂರಿಗೆ ಸರಿ ಅಲ್ಲ. ಮಳೆಗಾಲದಲ್ಲಿ ಬೂಸ್ಟಿಗೆ ಅದೇ ಊಟ. ಅಡುಗೆಗೆ ಮಾರುವ ಅಗಸೆ ಎಣ್ಣೆಯಂತೂ ಒಣಗಲು ವಾರಗಟ್ಟಲೆ ಬೇಕು. ಪೇಂಟಂಗಡಿಯಲ್ಲಿ ‘ಡಬಲ್ ಬಾಯಿಲ್ಡ್ ಲಿನ್ಸೀಡ್’ ಅಂತ ಕೇಳಬೇಕು. ಬೇಗ ಒಣಗಲು ಬೇಕಾದ ಲೋಹದ ಲವಣ ಸೇರಿಸಿ ಮಾಡಿದ ಎಣ್ಣೆ ಅದು. ಅದು ಒಂದು ಪಾಲು, ಎಣ್ಣೆ ಆಧಾರಿತ ವಾರ್ನಿಶ್ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ಸೇರಿಸಿದೆ. ಡ್ಯಾನಿಶ್ ಆಯಿಲ್ ಅಂತ ಡಬ್ಬದಲ್ಲಿ ಮಾರುವುದರಲ್ಲಿ ಹೆಚ್ಚುಕಡಿಮೆ ಇದೇ ಇರುವುದು. ವಾರ್ನಿಶ್ ಇದ್ದರೆ ಬೆವರಿನ ಕೈ ಒರಗುವ ಜಾಗ ಬೇಗ ಸವೆಯುವುದಿಲ್ಲ.

ಮೊದಲ ಕೋಟು ಧಾರಾಳವಾಗಿ. ಹೀರಿದ ಕಡೆ ಮತ್ತೆ ಹಾಕುತ್ತಾ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಮೇಲಿರುವುದನ್ನೆಲ್ಲ ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಬೇಕು. ಉಳಿದರೆ ಅಂಟಂಟು. ಒರೆಸಿ ಆಯಿತು ಅಂತ ಹೋಗಿ ಮಲಗುವ ಹಾಗೂ ಇಲ್ಲ. ಹಲಸಿನ ರಂಧ್ರ ದೊಡ್ಡದು, ಒಳಗೆ ಹೋದ ಎಣ್ಣೆ ಅರ್ಧ ಗಂಟೆಗೊಮ್ಮೆ ಚುಕ್ಕೆ ಚುಕ್ಕೆಯಾಗಿ ಬೆವರುತ್ತದೆ. ಅದನ್ನು ಹಾಗೇ ಒಣಗಲು ಬಿಟ್ಟರೆ ಮುಖದ ಮೇಲೆಲ್ಲ ಹೊಳೆಯುವ ಗುಳ್ಳೆ. ಸಂಜೆಯವರೆಗೂ ಒರೆಸುತ್ತಾ ಇದ್ದೆ. ಬೇಗ ಒಣಗಲಿ ಅಂತ ಬಿಸಿಲಿಗೆ ಇಟ್ಟರೆ ಬೆವರುವುದು ಇನ್ನೂ ಜಾಸ್ತಿ. ನೆರಳಲ್ಲಿ, ಗಾಳಿಯಾಡುವ ಕಡೆ, ಕುತ್ತಿಗೆಯ ಸ್ಕ್ರೂ ತೂತಿಗೆ ತಂತಿ ಹಾಕಿ ತೂಗುಹಾಕುವುದೇ ಸರಿ.

ಇಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆಯ ಒಳಗೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಕೆಲವು ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬೆಂಕಿ ಕಡ್ಡಿ ಬೇಕಾಗಿಲ್ಲ. ಹೊರಗೆ ಹಗ್ಗದ ಮೇಲೆ ಒಂದೊಂದೇ ಬಿಡಿಸಿ ಹಾಕಿ, ಗಟ್ಟಿಯಾದ ಮೇಲೆ ಬಿಸಾಡಿ. ಇಲ್ಲವಾದರೆ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಡಿ.

ಎರಡನೇ ಕೋಟಿನಿಂದ ತೆಳು. ಬಟ್ಟೆಗೆ ನಾಲ್ಕು ಹನಿ, ಉಜ್ಜಿ, ಒರೆಸಿ, ಒಂದು ದಿನ ಬಿಡುವುದು. ರಂಧ್ರ ತುಂಬಿಸಲು ಎಣ್ಣೆಯ ಜೊತೆಗೇ 400ರ ವಾಟರ್ ಪೇಪರಿನಲ್ಲಿ ಉಜ್ಜಿ ಆ ಕೆಸರನ್ನೇ ರಂಧ್ರಕ್ಕೆ ತುಂಬುವ ಕ್ರಮ ಇದೆ. ಡೈ ಹಾಕಿದ ಮರಕ್ಕೆ ಅದು ಅಪಾಯ. ಅಂಚಿನಲ್ಲಿ ಒಂದು ಸಲ ಜಾರಿದರೆ ಕಪ್ಪು ಹೋಗಿ ಹಳದಿ ಇಣುಕುತ್ತದೆ. ಹೊಟ್ಟೆಗೆ ತಾಗುವ ಹಿಂಬದಿಯ ನಡುವಿನಲ್ಲಿ ಮಾತ್ರ ಹಾಗೆ ಮಾಡಿದೆ. ಮುಖದಲ್ಲಿ ರಂಧ್ರಗಳನ್ನು ಹಾಗೇ ಬಿಟ್ಟೆ. ಹಲಸು ಹಲಸಿನ ಹಾಗೇ ಕಾಣಲಿ.

ಕೆಲಸ ಮಾಡಿದ್ದು ದೀಪಾವಳಿ ಕಳೆದ ಮೇಲೆ, ಚಳಿ ಬಿದ್ದ ತಿಂಗಳುಗಳಲ್ಲಿ. ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದು ಮೋಡ ಕಟ್ಟಿದ ಮೇಲೆ ಎಣ್ಣೆ ಕೆಲಸಕ್ಕೆ ಕೈ ಹಾಕಬಾರದು. ತೇವಾಂಶ ಶೇ. 90 ಇರುವ ಗಾಳಿಯಲ್ಲಿ ಮರವೇ ತನ್ನ ತೂಕದ ಸುಮಾರು ಶೇ. 20ರಷ್ಟು ನೀರು ಹಿಡಿದುಕೊಳ್ಳುತ್ತದೆ. ಎಣ್ಣೆ ಒಳಗೆ ಇಳಿಯುವುದೂ ಇಲ್ಲ, ಒಣಗುವುದೂ ಇಲ್ಲ. ಎಣ್ಣೆ ನೀರಿನ ಹನಿಯನ್ನು ತಡೆಯುತ್ತದೆ, ಗಾಳಿಯ ತೇವವನ್ನು ಪೂರ್ತಿ ತಡೆಯುವುದಿಲ್ಲ. ಅದಕ್ಕೇ ಕುತ್ತಿಗೆಯ ಗುಂಡಿ ಬಿಟ್ಟು ಉಳಿದ ಗುಂಡಿಗಳಿಗೂ, ಸ್ಕ್ರೂ ತೂತುಗಳಿಗೂ ಎಣ್ಣೆ ಕೊಟ್ಟಿದ್ದೇನೆ. ಒಂದು ಕಡೆ ಮಾತ್ರ ಹಾಕಿದರೆ ಎರಡೂ ಮುಖ ಬೇರೆ ಬೇರೆ ರೀತಿ ತೇವ ಎಳೆದು ಹಲಗೆ ಬಾಗಬಹುದು.

ವಾಸನೆ ಪೂರ್ತಿ ಹೋದ ಮೇಲೆ, ಅಂದರೆ ಮೂಗು ತಾಗಿಸಿ ಮೂಸಿದರೂ ಬಾರದ ಮೇಲೆ, ಜೇನುಮೇಣ ಟರ್ಪೆಂಟೈನಿನಲ್ಲಿ ಕರಗಿಸಿ ತೆಳುವಾಗಿ ಸವರಿದೆ. ಅದಕ್ಕಿಂತ ಮೊದಲು ಮೇಣ ಹಾಕಬೇಡಿ, ಕೆಳಗಿನ ಎಣ್ಣೆಗೆ ಗಾಳಿ ಸಿಗುವುದಿಲ್ಲ. ಬಾಡಿಯನ್ನು ಕಪಾಟಿನಲ್ಲಿ, ಕೇಸಿನಲ್ಲಿ ಮುಚ್ಚಿಡುವುದೂ ಈಗಲೇ ಬೇಡ.

ಈಗ ನಡು ಸಂಜೆಯ ಬೆಳಕಿಗೆ ಕೆಂಪು, ಟ್ಯೂಬ್‌ಲೈಟಿಗೆ ಕಂದು. ಎರಡು ಜೋಡಣೆಗಳಲ್ಲಿ ಒಂದು ಎಲ್ಲಿದೆ ಅಂತ ನನಗೇ ಹುಡುಕಬೇಕು, ಇನ್ನೊಂದು ಕಾಣುತ್ತದೆ, ಯಾಕೆಂದರೆ ಆ ತುಂಡಿನ ಗೆರೆ ಬೇರೆ ಕಡೆ ಓಡುತ್ತದೆ. ಮೊಳೆಯ ಕಪ್ಪು ಕಲೆ ಇದ್ದ ತುಂಡನ್ನು ಬೇಕೆಂದೇ ಅಂಚಿಗೆ ಬರುವ ಹಾಗೆ ಕೂರಿಸಿದ್ದೆ. ಅದು ಈಗ ಬರ್ಸ್ಟಿನ ಒಳಗೆ ಸೇರಿಕೊಂಡಿದೆ.

ಉಳಿದ ಎಣ್ಣೆಯನ್ನು ಕಂಠದವರೆಗೆ ತುಂಬುವ ಸಣ್ಣ ಬಾಟಲಿಗೆ ಹಾಕಿಟ್ಟಿದ್ದೇನೆ. ಅರ್ಧ ಖಾಲಿ ಡಬ್ಬದಲ್ಲಿ ಬಿಟ್ಟರೆ ಒಳಗಿನ ಗಾಳಿಗೇ ಕೆನೆ ಕಟ್ಟುತ್ತದೆ. ಪ್ರತಿ ಸಲ ಮಳೆ ಶುರುವಾಗುವ ಮೊದಲು ಮೇಣ ಒರೆಸಿ ತೆಗೆದು ಒಂದು ತೆಳು ಕೋಟು ಕೊಡಲು ಅಷ್ಟು ಸಾಕು. ಮುಂದಿನ ಕೆಲಸ ಕುತ್ತಿಗೆ ಕೂರಿಸುವುದು. ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ತಂದಿದ್ದೇನೆ. ಚೊಗರು ಕುಡಿದ ಮರಕ್ಕೆ ಕಬ್ಬಿಣದ ಸ್ಕ್ರೂ ಹಾಕಿದರೆ, ನಮ್ಮ ಉಪ್ಪುಗಾಳಿಯಲ್ಲಿ, ಮತ್ತೆ ನಾಲ್ಕು ಕಪ್ಪು ಉಂಗುರ.